ಹೆಸರು ಬರೆದ ಚೀಟಿ

ಆ ಬೆಳಿಗ್ಗೆ ಮಳೆ ಯಾರ ಮೇಲೋ ಹಳೆಯ ಸೇಡು ಇಟ್ಟುಕೊಂಡಂತೆ ಹೊಡೆಯುತ್ತಿತ್ತು. ಗಾಳಿ ಅದನ್ನು ಅಡ್ಡಡ್ಡಲಾಗಿ ಎತ್ತಿ ಗ್ರಂಥಾಲಯದ ಕಿಟಕಿಗಳಿಗೆ ಅಪ್ಪಳಿಸುತ್ತಿತ್ತು. ಬೀದಿಯ ಚರಂಡಿ ಎಂಟು ಗಂಟೆಗೇ ಕಟ್ಟಿಕೊಂಡು, ಎದುರಿನ ಚಪ್ಪಲಿ ಅಂಗಡಿಯ ಮೊದಲ ಮೆಟ್ಟಿಲು ನೀರಿನಡಿ ಹೋಗಿತ್ತು. ಗ್ರಂಥಾಲಯದ ಸೂರು ಎಲ್ಲಿ ಸೋರುತ್ತದೆಂಬುದು ಶಾಯಿಯಣ್ಣನಿಗೆ ಬಾಯಿಪಾಠ. ಕೌಂಟರಿನ ಒಳಗೆ, ತನ್ನ ಕುರ್ಚಿಯಿಂದ ಒಂದು ಮಾರು ದೂರದಲ್ಲಿ, ಅವನು ಕಬ್ಬಿಣದ ದೊಡ್ಡ ಬಕೆಟ್ ಇಟ್ಟ. ಬೀಳುವ ನೀರು ಮೊದಲು ಟಣ್ ಟಣ್ ಎಂದಿತು, ಆಮೇಲೆ ಟಪ್ ಟಪ್ ಎಂದಿತು, ಒಂಬತ್ತೂವರೆಯ ಹೊತ್ತಿಗೆ ಬಕೆಟ್ ಮುಕ್ಕಾಲು ತುಂಬಿ ಸದ್ದು ಅಡಗಿತು.

ಬಾಗಿಲ ಅಗುಳಿ ತೆಗೆಯುವ ಮುಂಚೆ ಅವನು ಎಂದಿನಂತೆ ಕಣ್ಣು ಮುಚ್ಚಿ ನಿಂತ. ಮೂವತ್ತೊಂದು ವರ್ಷದಿಂದ ಅವನದು ಒಂದೇ ಸಾಲಿನ ಪ್ರಾರ್ಥನೆ: 'ದೇವರೇ, ಇವತ್ತು ಈ ಬಾಗಿಲಿಗೆ ಬಂದವರಿಗೆ ಅವರು ಹುಡುಕಿಕೊಂಡು ಬಂದದ್ದು ಸಿಗಲಿ.' ಇಷ್ಟು ಕೇಳಿ ಅಗುಳಿ ತೆಗೆದ. ಆ ದಿನ ಯಾರು ಏನನ್ನು ಹುಡುಕಿಕೊಂಡು ಬರಲಿದ್ದಾರೆಂಬುದು ದೇವರಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಅವನ ನಿಜವಾದ ಹೆಸರನ್ನು ಊರು ಮರೆತು ಬಹಳ ಕಾಲವಾಗಿತ್ತು. ಬಲಗೈಯ ನಡುಬೆರಳಿನಲ್ಲಿ ಎಷ್ಟು ಉಜ್ಜಿದರೂ ಹೋಗದ ನೀಲಿ ಕಲೆ ಇದ್ದದ್ದರಿಂದ ಚಿಕ್ಕವರಿಂದ ದೊಡ್ಡವರವರೆಗೆ ಎಲ್ಲರಿಗೂ ಅವನು ಶಾಯಿಯಣ್ಣ. ಬಾಲ್ ಪೆನ್ನನ್ನು ಅವನು ಬೆರಳಿಗೆ ಸೋಕಿಸಿದವನಲ್ಲ. ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಯಾರಾದರೂ ಒಂದು ಪುಸ್ತಕ ಬೇಕೆಂದು ಹೇಳಿಟ್ಟು ಹೋದರೆ, ಅದು ಬಂದ ದಿನ ಉದ್ದನೆಯ ಚೀಟಿಯಲ್ಲಿ ಅವರ ಪೂರ್ತಿ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಪುಸ್ತಕದ ಮೇಲೆ ಕಾಣುವಂತೆ ಸಿಕ್ಕಿಸಿ, ಬಾಗಿಲ ಪಕ್ಕದ ಕಪಾಟಿನಲ್ಲಿ ನಿಲ್ಲಿಸುತ್ತಿದ್ದ. ಬಂದವರು ತಮ್ಮ ಹೆಸರು ನೋಡಿಯೇ ಅರ್ಧ ಹಿಗ್ಗುತ್ತಿದ್ದರು. "ನನ್ನ ಮದುವೆ ಕಾಗದದಲ್ಲೂ ನನ್ನ ಹೆಸರು ಇಷ್ಟು ಲಕ್ಷಣವಾಗಿರಲಿಲ್ಲ ಕಣಯ್ಯ" ಎಂದು ನಿವೃತ್ತ ಪೋಸ್ಟ್‌ಮಾಸ್ಟರು ಹೇಳುವರು. ಅವರು ದಿನವೂ ಮೊದಲು ಬಂದು, ಪತ್ರಿಕೆಯ ಮೇಜಿನ ತುದಿಯ ಕುರ್ಚಿ ಹಿಡಿದು, ಮುಚ್ಚುವವರೆಗೂ ಏಳದವರು.

ಒಂದು ವರ್ಷದ ಹಿಂದೆ ಹೊಸ ಗ್ರಂಥಪಾಲಕಿ ಬಂದಳು. ಶಾಯಿಯಣ್ಣನ ಮಗಳ ವಯಸ್ಸು, ಆದರೆ ಅವನ ಮೇಲಿನ ಹುದ್ದೆ. ಅವಳು ಅವನನ್ನು ಅಣ್ಣಾ ಎನ್ನುವಳು, ಅವನು ಮೇಡಂ ಎನ್ನುವನು. ಬಂದ ತಿಂಗಳೇ ಅವಳು ಒಂಬತ್ತು ವರ್ಷದಿಂದ ಉಗ್ರಾಣದ ಗೋಡೆಯಲ್ಲಿ ಜೇಡರ ಬಲೆ ಹೊದ್ದು ತೂಗುತ್ತಿದ್ದ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಇಳಿಸಿ ಹೊಸದಾಗಿ ತುಂಬಿಸಿದಳು. ಪುಸ್ತಕ ವಾಪಸು ಬಂದ ಕೂಡಲೇ ಅದನ್ನು ಯಾರು ಒಯ್ದಿದ್ದರೆಂಬ ಗುರುತು ಕಂಪ್ಯೂಟರಿನಿಂದ ಅಳಿಸಿಹೋಗುವಂತೆ ಮಾಡಿಸಿದಳು. ಆಮೇಲೆ ಚೀಟಿಗೆ ಕೈಹಾಕಿದಳು.

"ಹೆಸರು ಬರೀಬೇಡಿ ಅಣ್ಣಾ. ಕಾರ್ಡಿನ ಕೊನೇ ನಾಲ್ಕು ಅಂಕಿ ಸಾಕು."

"ಓದೋಕೆ ಬಂದವರಿಗೆ ಕೈದಿ ಹಾಗೆ ನಂಬರ್ ಹಚ್ಚೋದಾ ಮೇಡಂ?"

"ಯಾರು ಏನು ಓದ್ತಾರೆ ಅನ್ನೋದು ಅವರ ಸ್ವಂತ ವಿಷಯ. ಅದನ್ನ ಕಾಯೋದೂ ನಮ್ಮ ಕೆಲಸವೇ. ಪುಸ್ತಕ ಕಾಯೋದೊಂದೇ ಅಲ್ಲ."

"ಎರಡು ದಿನ ತರಬೇತಿಗೆ ಕರೆಸಿ ಒಂದು ಚೀಲ, ಒಂದು ಪೆನ್ನು, ಇಷ್ಟು ಮಾತು ಕೊಟ್ಟು ಕಳಿಸಿದ್ದಾರೆ ನಿಮಗೆ" ಎಂದು ಅವನು ನಕ್ಕ. ಅವಳೂ ನಕ್ಕಳು. ಚೀಟಿ ಮಾತ್ರ ಹಾಗೇ ನಡೆಯಿತು. ಸದಸ್ಯರ ವಿಳಾಸವೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ ಹಳೆಯ ದಪ್ಪ ರಿಜಿಸ್ಟರನ್ನು ಮೇಲಿನ ಕಚೇರಿಗೆ ಒಪ್ಪಿಸಿಬಿಡಿ ಎಂದಳು. "ಶನಿವಾರ ಕಳಿಸ್ತೀನಿ" ಎಂದ. ಎಷ್ಟೋ ಶನಿವಾರಗಳು ಬಂದು ಹೋದವು. ರಿಜಿಸ್ಟರು ಅವನ ಡ್ರಾಯರಿನಲ್ಲೇ ಉಳಿಯಿತು, ಅವನು ಅದರಲ್ಲಿ ಬರೆಯುತ್ತಲೇ ಇದ್ದ. ಮೂವತ್ತೊಂದು ವರ್ಷದ ಕೈಬರಹವನ್ನು ಒಂದು ಮೂಟೆಯಲ್ಲಿ ಕಟ್ಟಿ ಕಳಿಸಲು ಅವನಿಗೆ ಮನಸ್ಸು ಬರಲಿಲ್ಲ.

ಬೀದಿಯ ಕೊನೆಯಲ್ಲಿ ಲಾರಿ ರಿಪೇರಿ ಮಾಡುವ ಗ್ಯಾರೇಜು. ಅದರ ಮೆಕ್ಯಾನಿಕ್ಕಿನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವಳು, ಡಿಸೈನಿನ ಪುಸ್ತಕ ಒಯ್ಯಲು ಗ್ರಂಥಾಲಯಕ್ಕೆ ಬರುವಳು. ಬೇಸಿಗೆಯಲ್ಲೂ ತುಂಬುತೋಳಿನ ರವಿಕೆ ತೊಡುವಳು. ಒಂದು ದಿನ ಅವಳು ಕೌಂಟರಿಗೆ ಬಾಗಿ, ಮನೆಯೊಳಗೆ ಹೊಡೆತ ತಿನ್ನುವ ಹೆಂಗಸು ಯಾವ ಕಚೇರಿಗೆ ಹೋಗಬೇಕು, ಏನು ಬರೆದುಕೊಡಬೇಕು ಎಂದು ತಿಳಿಸುವ ಕಾನೂನಿನ ಪುಸ್ತಕ ಇದೆಯೇ ಎಂದು ಕೇಳಿದಳು. "ಗುರುತಿನವರೊಬ್ಬರಿಗೆ ಬೇಕಿತ್ತು" ಎಂದಳು. ಶಾಯಿಯಣ್ಣ ಬೇರೆ ಶಾಖೆಯಿಂದ ತರಿಸಿದ. ಎಂದಿನ ಪ್ರೀತಿಯಿಂದ ಹೆಸರು ಬರೆದ, ಚೀಟಿ ಸಿಕ್ಕಿಸಿದ, ಬಾಗಿಲ ಪಕ್ಕ ನಿಲ್ಲಿಸಿದ.

ಮರುದಿನ ಮೆಕ್ಯಾನಿಕ್ಕು ಪತ್ರಿಕೆಯಲ್ಲಿ ಹಳೇ ಲಾರಿಗಳ ಜಾಹೀರಾತು ನೋಡಲು ಬಂದ. ಬಾಗಿಲಲ್ಲೇ ನಿಂತ. ಆ ಪುಸ್ತಕವನ್ನು ಎಳೆದು ರಟ್ಟಿನ ಮೇಲಿನದನ್ನು ಓದಿದ, ಇದ್ದ ಜಾಗದಲ್ಲೇ ಇಟ್ಟ, ಜಾಹೀರಾತು ನೋಡದೆ ಮನೆಗೆ ಹೋದ. ಯಾರೂ ಅದನ್ನು ಗಮನಿಸಲಿಲ್ಲ.

ನಾಲ್ಕನೆಯ ದಿನ ಅವಳು ಬಂದಳು. ಎಡಗೈಗೆ ಮೊಣಕೈವರೆಗೆ ಪ್ಲಾಸ್ಟರು, ಮೇಲ್ದುಟಿಗೆ ಮೂರು ಹೊಲಿಗೆ, ಒಂದು ಕಣ್ಣು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಮುಚ್ಚಿಕೊಂಡಿತ್ತು. ಕಪಾಟಿನಿಂದ ಪುಸ್ತಕವನ್ನು ಚೀಟಿಯ ಸಮೇತ ತೆಗೆದುಕೊಂಡು ಕೌಂಟರಿನ ಮೇಲಿಟ್ಟಳು.

"ಏನಾಯ್ತು ತಾಯಿ? ಬಿದ್ರಾ?"

"ನಿಮ್ಮ ಅಕ್ಷರ ತುಂಬ ಚೆನ್ನಾಗಿದೆ ಅಣ್ಣಾ" ಎಂದಳು ಅವಳು, ತುಟಿ ಹೆಚ್ಚು ಅಲುಗದಂತೆ. "ಬಾಗಿಲಲ್ಲಿ ನಿಂತೇ ಓದಿದ್ರಂತೆ ಅವರು."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳ ದನಿಯಲ್ಲಿ ಬೈಗುಳವೇ ಇರಲಿಲ್ಲ. ಮುದ್ರೆ ಒತ್ತಲು ಎತ್ತಿದ ಅವನ ಕೈ ಹಾಗೇ ನಿಂತಿತು. ಅಂದಿನಿಂದ ಅವನು ಚೀಟಿಯಲ್ಲಿ ಹೆಸರು ಬರೆಯಲಿಲ್ಲ. ಆದರೆ ಮನುಷ್ಯ ಒಂದು ತಪ್ಪನ್ನು ಬಿಟ್ಟಾಗ ಅದರ ತಮ್ಮನನ್ನು ಮಾತ್ರ ಮನೆಯಲ್ಲೇ ಇಟ್ಟುಕೊಂಡಿರುತ್ತಾನೆ. ರಿಜಿಸ್ಟರು ಡ್ರಾಯರಿನಲ್ಲೇ ಇತ್ತು.

ಪ್ಲಾಸ್ಟರು ಬಿಚ್ಚಿದ ವಾರ, ಒಂದು ಬುಧವಾರ, ಅವಳು ಒಂದೇ ಒಂದು ಚೀಲ ಹಿಡಿದು ಬಂದಳು. ಮೇಡಂ ಅಂದು ಮೀಟಿಂಗಿಗೆ ಹೋಗಿದ್ದಳು.

"ಊರು ಬಿಡ್ತಾ ಇದ್ದೀನಿ ಅಣ್ಣಾ. ಪುಸ್ತಕ ನೋಡಿ ಇನ್ನೂ ಎರಡು ಅರ್ಜಿ ಬರೆಯೋದಿದೆ, ಮುಗಿಸಿ ತಲುಪಿಸ್ತೀನಿ." ಗೋಡೆಯ ಹಲಗೆಯತ್ತ ನೋಡಿದಳು. ವಿಳಾಸ ಬದಲಾದರೆ ಏಳು ದಿನದೊಳಗೆ ತಿಳಿಸತಕ್ಕದ್ದು ಎಂದು ಅಲ್ಲಿ ಶಾಯಿಯಣ್ಣನ ಕೈಯಲ್ಲೇ ಬರೆದಿತ್ತು. ಅವಳು ನಿಯಮ ಮೀರಿದವಳಲ್ಲ. ತಗ್ಗಿದ ದನಿಯಲ್ಲಿ ಹೊಸ ವಿಳಾಸ ಹೇಳಿದಳು. ಅವನು ರಿಜಿಸ್ಟರು ತೆಗೆದು, ಕೊನೆಯ ಪುಟದಲ್ಲಿ, ಮನೆ ಸಂಖ್ಯೆ, ಬೀದಿ, ಊರು, ಎಲ್ಲ ಬರೆದುಕೊಂಡ. "ಯಾರ ಕಣ್ಣಿಗೂ ಬೀಳಲ್ಲ ತಾಯಿ" ಎಂದ.

ಗುರುವಾರ ಮೇಡಂಗೆ ಹೇಳಿದಾಗ ಅವಳ ಮುಖದ ಬಣ್ಣ ಇಳಿಯಿತು. "ಕಂಪ್ಯೂಟರಿಗೆ ಏರಿಸಲ್ಲ ನಾನು. ಆ ಹಾಳೆ ಈಗಲೇ ಹರಿದು ಸುಟ್ಟುಬಿಡಿ ಅಣ್ಣಾ."

"ಸರ್ಕಾರಿ ರಿಜಿಸ್ಟರಿನ ಹಾಳೆ ಹರಿಯೋದಾ? ಪುಟಕ್ಕೆ ನಂಬರಿದೆ ಮೇಡಂ. ಶನಿವಾರ ಪೂರ್ತಿ ಕಳಿಸ್ತೀನಿ, ಆಣೆ ಮಾಡಿ ಹೇಳ್ತೀನಿ."

ಮಳೆ ಹೊಡೆಯುತ್ತಿದ್ದ ಈ ಬೆಳಿಗ್ಗೆ ಶುಕ್ರವಾರ.

ಹತ್ತೂಕಾಲಿಗೆ ಬಾಗಿಲು ತೆರೆಯಿತು. ಮೆಕ್ಯಾನಿಕ್ಕು ತೊಪ್ಪೆಯಾಗಿ ನೆನೆದಿದ್ದ. ಕಾಲೊರಸಿನ ಮೇಲೆ ಎರಡೂ ಕಾಲನ್ನು ಒಂದೊಂದಾಗಿ, ನಿಧಾನವಾಗಿ ಒರೆಸಿಕೊಂಡ. ಆಮೇಲೆ ಅವನ ಬಲಗೈ ಕಂಡಿತು. ಅದರಲ್ಲಿ ಲಾರಿಯ ಜಾಕಿ ರಾಡು ಇತ್ತು.

ಒಳಗೆ ಪೋಸ್ಟ್‌ಮಾಸ್ಟರು, ಪರೀಕ್ಷೆಗೆ ಓದುವ ನಾಲ್ವರು, ಮೇಡಂ, ಶಾಯಿಯಣ್ಣ. ಮೇಡಂ ಕಂಪ್ಯೂಟರಿನ ಮುಂದೆ ಕೂತಿದ್ದಳು. ಎಡಗೈಯಿಂದ ಎರಡು ಕೀಲಿ ಒತ್ತಿದಳು, ಪರದೆ ಕಪ್ಪಾಯಿತು. ಎದ್ದು, ಖಾಲಿ ಕೈಗಳನ್ನು ಕಾಣುವಂತೆ ಇಟ್ಟುಕೊಂಡು, ಮಲಗಿದ ಮಗು ಏಳದ ಹಾಗೆ ಮಾತಾಡಿದಳು.

"ನೆನೆದಿದ್ದೀರಿ. ಕೂತ್ಕೊಳ್ಳಿ. ಏನು ಬೇಕಿತ್ತು?"

"ನನ್ನ ಹೆಂಡತಿ ಎಲ್ಲಿದ್ದಾಳೆ ಅನ್ನೋದು ಬೇಕಿತ್ತು. ಇಲ್ಲಿಗೆ ಬಂದು ಹೋದ್ಮೇಲೆ ಬಸ್ಸು ಹತ್ತಿದ್ಲು. ನೋಡಿದವರಿದ್ದಾರೆ."

"ಓದುಗರ ವಿಷಯ ನಾವು ಯಾರಿಗೂ ಹೇಳಲ್ಲ. ನಾಳೆ ನಿಮ್ಮನ್ನ ಹುಡುಕಿಕೊಂಡು ಯಾರಾದ್ರೂ ಬಂದರೂ ಹೇಳಲ್ಲ."

ಅವನು ತಲೆಯಾಡಿಸಿದ, ಒಪ್ಪಿದವನಂತೆ. ಮರುಕ್ಷಣ ರಾಡು ಕಂಪ್ಯೂಟರಿನ ಪರದೆಯ ಮೇಲೆ ಇಳಿಯಿತು. ಎರಡನೆಯ ಏಟಿಗೆ ಕೌಂಟರಿನ ಗಾಜು ಒಡೆದು ಚೂರು ಮೇಡಂನ ಕೆನ್ನೆ ಸೀಳಿತು. ಪೋಸ್ಟ್‌ಮಾಸ್ಟರು ಕುರ್ಚಿಯಿಂದ ಎದ್ದರು. ಹಗಲಲ್ಲಿ ಅವರು ಆ ಕುರ್ಚಿ ಬಿಟ್ಟದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ.

"ಇದೇನು ನಿನ್ನ ಗ್ಯಾರೇಜು ಅಂದ್ಕೊಂಡ್ಯೇನೋ? ಇಡು ಕೆಳಗೆ."

ರಾಡು ಅವರ ಹೆಗಲಿಗೆ ಬಿತ್ತು. ಒಣಕಟ್ಟಿಗೆ ಮುರಿದ ಸದ್ದಾಯಿತು. ಅವರು ಅಂದಿನ ಪತ್ರಿಕೆಗಳ ಮೇಲೆ ಮಕಾಡೆ ಬಿದ್ದರು, ಮೂಗಿನ ರಕ್ತ ಮುಖಪುಟಕ್ಕೆ ಹರಿಯಿತು. ಮೇಡಂ ನಾಲ್ವರು ಓದುಗರನ್ನು ಹಿಂದಿನ ಉಗ್ರಾಣದ ಕಡೆ ತಳ್ಳಿ, ಪೋಸ್ಟ್‌ಮಾಸ್ಟರ ಕಂಕುಳಿಗೆ ಕೈಹಾಕಿ ಅವರನ್ನೂ ಎಳೆದಳು. "ಅಣ್ಣಾ, ಬನ್ನಿ" ಎಂದು ಕೂಗಿದಳು.

ಶಾಯಿಯಣ್ಣ ಕುರ್ಚಿ ಬಿಟ್ಟು ಏಳಲಿಲ್ಲ. ಅವನ ಮೊಣಕಾಲು ಡ್ರಾಯರಿಗೆ ಒತ್ತಿತ್ತು. ಎದ್ದರೆ ಡ್ರಾಯರು ಆ ಮನುಷ್ಯನದು. ಉಗ್ರಾಣದ ಚಿಲಕ ಬಿದ್ದ ಸದ್ದು, ಒಳಗೆ ಮೇಡಂ ಪೊಲೀಸರಿಗೆ ಫೋನಿನಲ್ಲಿ ವಿಳಾಸ ಹೇಳುವ ಸದ್ದು ಕೇಳಿಸಿತು.

ಮೆಕ್ಯಾನಿಕ್ಕು ಬಾಗಿಲ ಪಕ್ಕದ ಕಪಾಟನ್ನು ಒದ್ದು ಉರುಳಿಸಿ ಕೌಂಟರಿಗೆ ಬಂದ.

"ಕಂಪ್ಯೂಟರು ಹೋಗ್ಲಿ. ನೀನು ದಪ್ಪ ಪುಸ್ತಕದಲ್ಲಿ ಬರ್ಕೊಳ್ತೀಯಲ್ಲ. ಗ್ಯಾರೇಜು ಈ ಬೀದಿಗೆ ಬಂದಾಗ ನನ್ನ ವಿಳಾಸ ಅದರಲ್ಲೇ ಬರೆದೆ. ನಾಲಿಗೆ ಹೊರಗಿಟ್ಕೊಂಡು ಬರೆದೆ, ನೆನಪಿದೆ ನಂಗೆ. ತೆಗಿ."

"ಇಲ್ಲ" ಎಂದ ಶಾಯಿಯಣ್ಣ.

ಕೇಳಿ ಬಂದವರಿಗೆ ಅವನು ಕೊಡಲಾರೆ ಎಂದದ್ದು ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ಬೆಳಗಿನ ಪ್ರಾರ್ಥನೆ ನೆನಪಾಯಿತು, ಹುಡುಕಿಕೊಂಡು ಬಂದದ್ದು ಸಿಗಲಿ ಎಂದದ್ದು.  ಬಲಗೈಯನ್ನು ಡ್ರಾಯರಿನ ಹಿಡಿಯ ಮೇಲೆ ಇಟ್ಟ.

ಕೌಂಟರಿನ ಮೇಲಿಂದ ಬಾಗಿ ಬೀಸಿದ ರಾಡು ಆ ಕೈಯ ಮೇಲೆಯೇ ಬಿತ್ತು. ನೀಲಿ ಕಲೆಯ ಬೆರಳು, ಅದರ ಆಚೀಚೆಯ ಎರಡು ಬೆರಳು, ಮೂರೂ ಅಡಿಕೆ ಒಡೆದಂತೆ ಒಡೆದವು. ಅವನ ಕಣ್ಣು ಕತ್ತಲಿಟ್ಟಿತು. ಮೆಕ್ಯಾನಿಕ್ಕು ಅವನ ಕೊರಳಪಟ್ಟಿಗೆ ಕೈಹಾಕಿ ಎಳೆದ, ಕೌಂಟರಿನ ಹಲಗೆಗೆ ಮುಖ ಅಪ್ಪಳಿಸಿದ, ಬಿಟ್ಟ. ಶಾಯಿಯಣ್ಣ ಹಿಂದಕ್ಕೆ ಉರುಳುವಾಗ ಕುರ್ಚಿಯೊಂದಿಗೆ ಡ್ರಾಯರೂ ಕಿತ್ತುಬಂತು. ಮುದ್ರೆ, ಗೋಂದು, ಶಾಯಿ ಬುಡ್ಡಿ, ಕನ್ನಡಕದ ಡಬ್ಬಿ, ಎಲ್ಲದರ ನಡುವೆ ರಿಜಿಸ್ಟರು ನೆಲಕ್ಕೆ ಬಿತ್ತು.

ಇಬ್ಬರೂ ಅದನ್ನು ನೋಡಿದರು. ಮೆಕ್ಯಾನಿಕ್ಕು ಕೌಂಟರು ಹತ್ತಿ ಈಚೆ ಇಳಿಯಬೇಕಿತ್ತು. ಶಾಯಿಯಣ್ಣನಿಗೆ ಒಂದು ಮಾರು ತೆವಳಿದರೆ ಸಾಕಿತ್ತು. ಅವನು ಎಡಗೈಯಿಂದ, ಮೊಣಕೈಯಿಂದ, ಎದೆಯಿಂದ ಅದನ್ನು ತಳ್ಳಿಕೊಂಡು ಹೋಗಿ ಮಳೆನೀರಿನ ಬಕೆಟ್ಟಿನೊಳಗೆ ಮುಳುಗಿಸಿದ, ಬಕೆಟ್ಟನ್ನು ತಬ್ಬಿ ಅದರ ಮೇಲೆ ಬಿದ್ದುಕೊಂಡ.

ಏಟುಗಳು ಬೆನ್ನಿಗೆ ಬಿದ್ದವು. ಒಂದು, ಎರಡು, ಮೂರು ಎಂದು ಎಣಿಸಿದ. ನಾಲ್ಕನೆಯದಕ್ಕೆ ಪಕ್ಕೆಯಲ್ಲಿ ಏನೋ ಮುರಿಯಿತು, ಎಣಿಕೆ ತಪ್ಪಿತು. ಒಳಗೆ, ನೀರಿನಲ್ಲಿ, ಅವನ ಎಡಗೈ ಮಾತ್ರ ಯಾರಿಗೂ ಕಾಣದೆ ಕೆಲಸ ಮಾಡುತ್ತಿತ್ತು. ಅದು ರಿಜಿಸ್ಟರಿನ ಹಿಂದಿನ ರಟ್ಟನ್ನು ತೆರೆಯಿತು, ಕೊನೆಯ ಬರಹದ ಪುಟವನ್ನು ಹುಡುಕಿತು, ಅಂಗೈಯಿಂದ ಉಜ್ಜಿತು, ಮತ್ತೆ ಉಜ್ಜಿತು. ಅವನು ಎಂದೂ ಬಾಲ್ ಪೆನ್ನು ಮುಟ್ಟಿದವನಲ್ಲವಲ್ಲ. ಶಾಯಿ ನೀರಿಗೆ ಬಿಟ್ಟುಕೊಂಡಿತು. ಅವಳ ವಿಳಾಸ ಬಿಟ್ಟುಕೊಂಡಿತು, ಅದರ ಹಿಂದಿನ ಪುಟಗಳ ಹೆಸರುಗಳು, ಸತ್ತವರು, ಬದುಕಿದವರು, ಊರು ಬಿಟ್ಟವರು, ಒಬ್ಬೊಬ್ಬರಾಗಿ ಕೈ ಬಿಟ್ಟು ಹೊರಟರು. ಬಕೆಟ್ಟಿನ ನೀರು ನೀಲಿಯಾಗಿ ಅವನ ಗಲ್ಲಕ್ಕೆ ತಾಗುತ್ತಿತ್ತು. ಮೂವತ್ತೊಂದು ವರ್ಷ ತಾನು ಮೋಹದಿಂದ ಬರೆದದ್ದನ್ನು ತನ್ನ ಕೈಯಿಂದಲೇ ತೊಳೆಸುತ್ತಿರುವವನು ಬೆಳಿಗ್ಗೆ ತಾನು ಬೇಡಿಕೊಂಡ ದೇವರೇ ಎಂದು ಅವನಿಗೆ ತಿಳಿಯಿತು. ಬೇಡ ಎನ್ನಲಿಲ್ಲ.

ಮೆಕ್ಯಾನಿಕ್ಕು ಅವನ ಕೂದಲು ಹಿಡಿದು ಪಕ್ಕಕ್ಕೆ ಎಸೆದು ರಿಜಿಸ್ಟರನ್ನು ಮೇಲೆತ್ತಿದ. ಸೋರುವ ಹಾಳೆಗಳನ್ನು ಹಿಂದಿನಿಂದ ತಿರುವಿದ. ನೀಲಿ ಮೋಡ, ಇನ್ನೊಂದು ನೀಲಿ ಮೋಡ. ಓದಬಹುದಾದ ಒಂದಕ್ಷರವೂ ಇರಲಿಲ್ಲ. ಆಗ ಅವನ ಗಂಟಲಿಂದ ಹೊರಟ ಕೂಗು ಉಗ್ರಾಣದೊಳಗೂ ಕೇಳಿಸಿತು. ರಾಡನ್ನು ಎರಡೂ ಕೈಯಲ್ಲಿ ಹಿಡಿದು, ನೆಲದಲ್ಲಿ ಬಿದ್ದವನ ತಲೆಗೆ ಗುರಿಯಿಟ್ಟು ಎತ್ತಿದ.

ಉಗ್ರಾಣದ ಬಾಗಿಲು ತೆರೆದು ಮೇಡಂ ಬಂದಿದ್ದಳು. ಕೆನ್ನೆಯ ರಕ್ತ ಕೊರಳಿಗಿಳಿದಿತ್ತು, ಕೈಯಲ್ಲಿ ಆ ಕೆಂಪು ಸಿಲಿಂಡರಿತ್ತು. ಪಿನ್ನು ಕಿತ್ತು ನಾಲ್ಕಡಿ ದೂರದಿಂದ ಅವನ ಮುಖಕ್ಕೇ ಬಿಟ್ಟಳು. ಬಿಳಿಯ ಪುಡಿ ಕಣ್ಣು ಮೂಗು ಬಾಯಿಗೆ ನುಗ್ಗಿತು. ಅವನು ಕೆಮ್ಮುತ್ತ, ಕುರುಡನಂತೆ ರಾಡು ಬೀಸುತ್ತ, ಚೆಲ್ಲಿದ ನೀರಿನಲ್ಲಿ ಕಾಲು ಜಾರಿ ಬಿದ್ದ. ಅವಳು ಖಾಲಿ ಸಿಲಿಂಡರಿನಿಂದ ಅವನ ಮಣಿಕಟ್ಟಿಗೆ ಒಂದು ಕೊಟ್ಟಳು. ರಾಡು ಉರುಳಿತು. ಪರೀಕ್ಷೆಗೆ ಓದುವ ನಾಲ್ವರು ಓಡಿಬಂದು, ಕೈಗೊಬ್ಬರು ಕಾಲಿಗೊಬ್ಬರು ಕೂತರು. ಪೊಲೀಸರು ಬರುವವರೆಗೆ ಹಾಗೇ ಕೂತಿದ್ದರು.

ಮೇಡಂ ಶಾಯಿಯಣ್ಣನ ಪಕ್ಕ ಮಂಡಿಯೂರಿದಳು.

"ಅಣ್ಣಾ, ಆ ಹಾಳೆ?"

"ಹೋಯ್ತು."

"ಪೂರ್ತಿ?"

"ಎಲ್ಲಾ ಹೋಯ್ತು ಮೇಡಂ. ಶನಿವಾರ ಕಳಿಸೋ ಕೆಲಸ ತಪ್ಪಿತು" ಎಂದ ಅವನು. ಹೇಳಿ ರಕ್ತ ಉಗುಳಿದ.

ಮೂರು ತಿಂಗಳಿಗೆ ಪಕ್ಕೆ ಕೂಡಿಕೊಂಡಿತು, ಬೆರಳು ಕೂಡಿಕೊಳ್ಳಲಿಲ್ಲ. ನೀಲಿ ಕಲೆ ಮಾಸಿತು. ಮೆಕ್ಯಾನಿಕ್ಕು ವಿಚಾರಣೆ ಕಾಯುತ್ತ ಜೈಲಿನಲ್ಲಿದ್ದ. ಶಾಯಿಯಣ್ಣ ಎಡಗೈಯ ತೋರುಬೆರಳೊಂದರಿಂದ ಹೊಸ ಕಂಪ್ಯೂಟರಿನಲ್ಲಿ ಅಂಕಿ ಒತ್ತುವುದನ್ನು ಕಲಿತ. ಮೇಡಂ ಪಕ್ಕದಲ್ಲಿ ನಿಂತು, ಒಂದೇ ಪಾಠವನ್ನು ಇಪ್ಪತ್ತು ಸಲ, ಬೇಸರವಿಲ್ಲದೆ ಹೇಳಿಕೊಟ್ಟಳು. "ಕೋಳಿ ಕಾಳು ಹೆಕ್ಕಿದ ಹಾಗಿದೆ" ಎಂದು ಪೋಸ್ಟ್‌ಮಾಸ್ಟರು ಒಂದು ಹೆಗಲು ಜೋತುಬಿಟ್ಟುಕೊಂಡು ಅದೇ ಕುರ್ಚಿಯಿಂದ ಹೇಳುವರು. ಚೀಟಿಗಳಲ್ಲಿ ಈಗ ನಾಲ್ಕೇ ಅಂಕಿ. ಎಡಗೈಯ ಸೊಟ್ಟ ಅಂಕಿಗಳನ್ನು ಹತ್ತಿರ ಬಂದು ಬಗ್ಗಿ ನೋಡಿದರೆ ಮಾತ್ರ ಓದಲು ಬರುತ್ತಿತ್ತು. ಬೆಳಗಿನ ಪ್ರಾರ್ಥನೆಗೂ ಒಂದು ಸಾಲು ಕೂಡಿತ್ತು: 'ಒಬ್ಬರದ್ದು ಇನ್ನೊಬ್ಬರ ಕೈಗೆ ಸಿಗದಿರಲಿ.'

ಒಂದು ಮಧ್ಯಾಹ್ನ, ಬಿಸಿಲು ನೆಲದ ಮೇಲೆ ಕಿಟಕಿಯ ಸರಳುಗಳ ನೆರಳು ಬರೆದಿದ್ದಾಗ, ಮೆಕ್ಯಾನಿಕ್ಕಿನ ತಾಯಿ ಬಂದಳು. ಶಾಯಿಯಣ್ಣ ಕುರ್ಚಿ ಬಿಟ್ಟು ಎದ್ದು ನಿಂತ. ಮುದುಕಿ ಕೌಂಟರಿನ ಹತ್ತಿರ ಬಂದು ಬಲಗಿವಿಯನ್ನು ಅವನತ್ತ ತಿರುಗಿಸಿದಳು.

"ಈ ಕಡೆ ಮಾತಾಡಪ್ಪ. ಆ ಕಿವಿ ಕೇಳಲ್ಲ. ನನ್ನ ಮಗನ ಅಪ್ಪ ಬಾರಿಸಿದ್ದು."

ಅವಳು ಚೀಲದಿಂದ ಒಂದು ಗಂಟು ತೆಗೆದಳು. ಉಳಿಕೆ ಬಟ್ಟೆಯ ತುಂಡುಗಳನ್ನು ಸೇರಿಸಿ, ಒಂದು ಎಳೆಯೂ ಹೊರಗೆ ಕಾಣದಂತೆ ಹೊಲಿದ ಹೊದಿಕೆ. ಅದರೊಳಗೆ ಕಾನೂನಿನ ಪುಸ್ತಕ.

"ಸೊಸೆ ಕೊಟ್ಟು ಬನ್ನಿ ಅಂದ್ಲು. ತಡವಾಯ್ತು, ಬೇಜಾರು ಮಾಡ್ಕೋಬೇಡಿ ಅಂದ್ಲು."

ಅವನು ಪುಸ್ತಕವನ್ನು ತೆಗೆದುಕೊಂಡು ಹಿಂಬದಿಯ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಒತ್ತಿದ. ವಾಪಸು ಬಂದಿದೆ ಎಂದು ಪರದೆ ತೋರಿಸಿತು. ಯಾರು ಒಯ್ದಿದ್ದರೆಂಬ ಜಾಗ ಖಾಲಿಯಾಯಿತು.

"ಎಲ್ಲಿದ್ದಾಳೆ ಅಂತ ಕೇಳಲ್ವೇನಪ್ಪ?"

"ಇಲ್ಲಮ್ಮ."

"ಕೇಳಿದ್ರೂ ನಾನು ಹೇಳ್ತಿರಲಿಲ್ಲ ಬಿಡು. ಮಗನೇ ಕೇಳಿ ಕೇಳಿ ಸೋತ." ಅವಳ ಕೈ ಕಿವುಡಾದ ಕಿವಿಯ ಹತ್ತಿರ ಹೋಗಿ ಬಂತು.

ಪುಟಗಳಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡುವುದು ಕೆಲಸದ ರೂಢಿ. ಅವನು ಪುಸ್ತಕವನ್ನು ಎಡಗೈಯಿಂದ ತಿರುವಿದ. ಅರ್ಜಿ ಬರೆಯುವ ಕ್ರಮ ಎಂಬ ಅಧ್ಯಾಯದ ನಡುವೆ, ಓದಿದ ಗುರುತಿಗೆಂದು ಇಟ್ಟ ಉದ್ದನೆಯ ಚೀಟಿ ಇತ್ತು. ಅದರ ಮೇಲೆ ದಪ್ಪಕ್ಷರದಲ್ಲಿ, ಮುತ್ತು ಪೋಣಿಸಿದಂತೆ, ಒಂದು ಹೆಸರು. ಅವನ ಕೈಬರಹವೆಂದು ಲೋಕದಲ್ಲಿ ಉಳಿದ ಚೂರುಗಳಲ್ಲಿ ಅದೂ ಒಂದು. ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ.

ಆಮೇಲೆ ಬರಹ ಒಳಗೆ ಬರುವಂತೆ ಎರಡು ಸಲ ಮಡಿಚಿದ. ಮಡಿಕೆಯನ್ನು ಸೊಟ್ಟ ಬೆರಳಿನಿಂದ ತೀಡಿದ. ಕೌಂಟರಿನ ಈಚೆಯಿಂದ ಕೈ ಚಾಚಿ ಮುದುಕಿಯ ಅಂಗೈಯಲ್ಲಿ ಇಟ್ಟ.

"ಇದು ಅವಳದ್ದಮ್ಮ. ಅವಳಿಗೇ ತಲುಪಿಸಿ."

ಮುದುಕಿ ಬಿಚ್ಚಿ ನೋಡಲಿಲ್ಲ. ಮುಷ್ಟಿ ಮುಚ್ಚಿ, ಕಾಲೊರಸು ದಾಟಿ, ಬಿಸಿಲಿಗೆ ಇಳಿದಳು.